ಉಪ್ಪು ಕಡಿಮೆ ಚೂಡಾ: ಕಿಡ್ನಿ ತೊಂದರೆ ಇರುವವರಿಗೆ ತಿಂಡಿ ಮಾಡಿದ ನನ್ನ ಅನುಭವ

"ಉಪ್ಪಿಲ್ಲದ ಚೂಡಾ ಯಾರ್ ತಿಂತಾರ್ರೀ ಅಕ್ಕಾ?" ಎಂದು ಬಾಗಲಕೋಟೆಯ ಅಂಗಡಿಯವರು ನನ್ನ ಪ್ಯಾಕೆಟ್ ವಾಪಸ್ ಕೊಟ್ಟಿದ್ದರು. ಈಗ ಅವರೇ ವಾರಕ್ಕೆ 10 ಕಿಲೋ ಕೇಳುತ್ತಾರೆ. ಕರಿಯೋದು, ಹುರಿಯೋದು ನಿಮಗೆ ಗೊತ್ತೇ ಇದೆ. ಲೆಕ್ಕ ಮಾತ್ರ ಹೇಳುತ್ತೇನೆ.

ಶುರು ಮಾಡಿದ್ದು ಚುರುಮುರಿಯಿಂದ. ಆದರೆ ಭಟ್ಟಿಯಲ್ಲೇ ಅಕ್ಕಿಗೆ ಉಪ್ಪುನೀರು ಹಾಕಿರುತ್ತಾರೆ. ಹೇಳಿ ಕೇಳಿ ಅರ್ಧ ಚೀಲ ಉಪ್ಪಿಲ್ಲದೆ ಹುರಿಸಿದೆ. ಸರಿಯಾಗಿ ಅರಳಲೇ ಇಲ್ಲ, ಹಲ್ಲಿಗೆ ಗಟ್ಟಿ. ಸುಮಾರು 1500 ರೂಪಾಯಿ ಹೋಯಿತು. ಆಮೇಲೆ ತೆಳು ಅವಲಕ್ಕಿಗೆ ಬಂದೆ. ಅದರಲ್ಲಿ ಉಪ್ಪಿಲ್ಲ, ಪೊಟ್ಯಾಸಿಯಂ ಕೂಡ ಕಡಿಮೆ.

ಮೊದಲೆಲ್ಲ ಕಿಲೋ ಚೂಡಾಕ್ಕೆ 20 ಗ್ರಾಂ ಉಪ್ಪು ಹಾಕುತ್ತಿದ್ದೆ. ಒಂದು ಗ್ರಾಂ ಉಪ್ಪೆಂದರೆ ಸುಮಾರು 400 ಮಿಲಿಗ್ರಾಂ ಸೋಡಿಯಂ. 30 ಗ್ರಾಂ ಬಟ್ಟಲಿಗೆ 240 ಬಂತು. ಕಿಡ್ನಿ ತೊಂದರೆ ಇರುವವರಿಗೆ ಸಾಮಾನ್ಯವಾಗಿ ದಿನಕ್ಕೆ 2000ದ ಒಳಗೆ ಇರಿ ಅಂತಾರೆ. ಒಂದೇ ಬಟ್ಟಲಿಗೆ ಯಾರು ನಿಲ್ಲುತ್ತಾರೆ? ಈಗ ಕಿಲೋಗೆ 5 ಗ್ರಾಂ ಅಷ್ಟೇ. ಅದನ್ನು ಒಗ್ಗರಣೆಗೆ ಹಾಕಲ್ಲ. ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ, ಬಿಸಿ ಇರುವಾಗಲೇ ಮೇಲೆ ಉದುರಿಸುತ್ತೇನೆ. ನಾಲಿಗೆಗೆ ಮೊದಲು ಸಿಗೋದು ಅದೇ. ಜೊತೆಗೆ ಇನ್ನೊಂದು ಪುಡಿ ಬೀಳುತ್ತದೆ. ಉಪ್ಪೂ ಅಲ್ಲ, ಸೋಡಾನೂ ಅಲ್ಲ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಡಿಮೆ ಸೋಡಿಯಂ ಉಪ್ಪು ಹಾಕಿ ಅಂತ ಬಹಳ ಜನ ಹೇಳಿದರು. ಬೇಡವೇ ಬೇಡ. ಅದರಲ್ಲಿ ಇರೋದು ಪೊಟ್ಯಾಸಿಯಂ ಕ್ಲೋರೈಡ್. ಸೋತ ಕಿಡ್ನಿ ಪೊಟ್ಯಾಸಿಯಂ ಸರಿಯಾಗಿ ಹೊರಹಾಕಲ್ಲ, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಶೇಂಗಾ, ಪುಟಾಣಿ (ಹುರಿಗಡಲೆ), ಒಣ ಕೊಬ್ಬರಿಯಲ್ಲೂ ಪೊಟ್ಯಾಸಿಯಂ ಜಾಸ್ತಿ. ಕಿಲೋಗೆ 200 ಗ್ರಾಂ ಇದ್ದ ಶೇಂಗಾ 50ಕ್ಕೆ ಇಳಿಸಿದೆ, ಪುಟಾಣಿ, ಕೊಬ್ಬರಿ ಬಿಟ್ಟೇಬಿಟ್ಟೆ. ಬೆಲ್ಲ, ಉತ್ತತ್ತಿ ತುಂಬಿದ ಕರದಂಟು ನಮ್ಮ ಅಮೀನಗಡದ ಹೆಮ್ಮೆ, ಆದರೆ ಈ ಗಿರಾಕಿಗಳಿಗೆ ನಾನು ಕೊಡಲ್ಲ.

ಪೇಟೆ ಪ್ಯಾಕೆಟ್ ನೋಡುವಾಗ ಹಿಂಬದಿ ಓದಿ. ಸೋಡಿಯಂ ಬರೆದಿರುತ್ತಾರೆ, ಪೊಟ್ಯಾಸಿಯಂ, ಫಾಸ್ಫರಸ್ ಬರೆಯಲೇಬೇಕೆಂದಿಲ್ಲ. ಕಿಡ್ನಿ ಸೋತವರಿಗೆ ಫಾಸ್ಫರಸ್ ಕೂಡ ಮಿತಿಯಲ್ಲಿರಬೇಕು. ಪದಾರ್ಥಗಳ ಪಟ್ಟಿಯಲ್ಲಿ, ಸೇರಿಸಿದ ರಾಸಾಯನಿಕಗಳ ಗುರುತಿನ ನಂಬರುಗಳಲ್ಲಿ 339, 341, 450, 451, 452 ಕಂಡರೆ ಫಾಸ್ಫೇಟ್ (ಫಾಸ್ಫರಸ್ಸಿನ ಲವಣ) ಸೇರಿದೆ ಅಂತ ಅರ್ಥ. ಕಾಳಿನಲ್ಲಿರುವ ಫಾಸ್ಫರಸ್‌ಗಿಂತ ಇದು ಮೈಗೆ ಬಹಳ ಜಾಸ್ತಿ ಸೇರುತ್ತದೆ. 508 ಅಂದರೆ ಮತ್ತದೇ ಪೊಟ್ಯಾಸಿಯಂ ಕ್ಲೋರೈಡ್. ಹಪ್ಪಳಕ್ಕೆ, ಖಾರಾ ಶೇವ್‌ಗೆ ಹಾಕುವ ಅಡುಗೆ ಸೋಡಾ ಉಪ್ಪುಪ್ಪಾಗಿ ಹತ್ತಲ್ಲ, ಆದರೆ ಗ್ರಾಂಗೆ 270 ಮಿಲಿಗ್ರಾಂ ಸೋಡಿಯಂ. ರುಚಿ ನೋಡಿ ತೀರ್ಮಾನ ಮಾಡಬೇಡಿ.

ನಡುವೆ ಆಲೂಗಡ್ಡೆ ಚಿಪ್ಸ್ ಕೂಡ ನೋಡಿದೆ. ತೆಳ್ಳಗೆ ಹೆಚ್ಚಿ, ನೆನೆಸಿ, ಜಾಸ್ತಿ ನೀರಲ್ಲಿ ಕುದಿಸಿ ಚೆಲ್ಲಿದರೆ ಪೊಟ್ಯಾಸಿಯಂ ಇಳಿಯುತ್ತದೆ. ಆದರೆ ಎಣ್ಣೆ ಸಿಕ್ಕಾಪಟ್ಟೆ ಕುಡಿದು ಮೆತ್ತಗಾಯಿತು. ಬಿಟ್ಟೆ.

ನನ್ನ ಪ್ಯಾಕೆಟ್ ಮೇಲೆ "ಕಿಡ್ನಿ ರೋಗಿಗಳಿಗೆ" ಅಂತ ಬರೆದಿಲ್ಲ. ಪಾವ್ ಕಿಲೋಗೆ 80 ರೂಪಾಯಿ. ಉಪ್ಪು, ಶೇಂಗಾ ಎಷ್ಟು ಗ್ರಾಂ ಅನ್ನೋದು ಚೀಟಿಯಲ್ಲಿದೆ, ಅದನ್ನು ರಕ್ತದ ರಿಪೋರ್ಟ್ ಜೊತೆ ಡಾಕ್ಟರಿಗೆ ತೋರಿಸಿ ಅಂತೀನಿ.

ಈಗ ಪಂಚಮಿ ಅರಳಿನ ಜೋಳ ಹಿಡಿದಿದ್ದೇನೆ. ಅರಳಲು ಉಪ್ಪು ಬೇಕಿಲ್ಲ. ಒಂದು ಬೊಗಸೆ ತೂಗಿದರೆ 10 ಗ್ರಾಂ ಆಸುಪಾಸು, ಅಂದರೆ ಬಟ್ಟಲು ತುಂಬ ತಿಂದರೂ ಹೊಟ್ಟೆಗೆ ಹೋಗೋದು ಕಡಿಮೆ. ಮೆತ್ತಗಾಗದಂತೆ ಒಗ್ಗರಣೆ ಹಿಡಿಸೋದೊಂದು ಬಾಕಿ.