ಮೊದಲ ಲೆನ್ಸ್ ಕೊಳ್ಳುವ ಮುಂಚೆ ಕೋಣೆ ಅಳೆಯಿರಿ

ಹೊಸದಾಗಿ ಡಿಎಸ್‌ಎಲ್‌ಆರ್ ಕೊಂಡವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "50 ಎಂಎಂ 1.8 ತಗೊಳ್ಳಿ, ಅಗ್ಗ, ಹಿನ್ನೆಲೆ ಚೆನ್ನಾಗಿ ಬ್ಲರ್ ಆಗುತ್ತೆ." 50 ಎಂಎಂ ಅಂದರೆ ಲೆನ್ಸಿನ ಫೋಕಲ್ ಲೆಂತ್, ಸಂಖ್ಯೆ ದೊಡ್ಡದಾದಷ್ಟು ಫ್ರೇಮಿಗೆ ಸಿಗುವ ಜಾಗ ಕಿರಿದು; 1.8 ಅಂದರೆ ಬೆಳಕು ಬಿಡುವ ಕಿಂಡಿಯಾದ ಅಪರ್ಚರ್‌ನ ಅಳತೆ, ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು. ಬೆಲೆಯ ಮಾತು ನಿಜ, ಬ್ಲರ್ ಮಾತೂ ನಿಜ. ಆದರೆ ಮನೆಯಲ್ಲಿ ಮಗುವಿನ ಫೋಟೊ, ನಾಮಕರಣ, ಹಬ್ಬ ಇವುಗಳಿಗಾಗಿ ಕ್ಯಾಮೆರಾ ಕೊಂಡವರು ಈ ಲೆನ್ಸ್ ಹಾಕಿಕೊಂಡು ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದರೂ ಫ್ರೇಮಿನಲ್ಲಿ ಬರುವುದು ಅರ್ಧ ಮನುಷ್ಯ. ಹಾಗಾಗಿ ಯಾರಿಗೇ ಲೆನ್ಸ್ ಆರಿಸುವಾಗಲೂ ನಾನು ಬೆಲೆಪಟ್ಟಿ ತೆರೆಯುವ ಮುಂಚೆ ಎರಡು ಅಳತೆ ಕೇಳುತ್ತೇನೆ: ನೀವು ನಿಲ್ಲುವ ಜಾಗದಿಂದ ವಸ್ತು ಎಷ್ಟು ದೂರ, ಅಲ್ಲಿ ಬೆಳಕು ಎಷ್ಟು.

ದೂರದ ಲೆಕ್ಕ ಸುಲಭ. ಸೆನ್ಸರ್‌ನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್‌ನ) ಅಗಲವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಫ್ರೇಮಿಗೆ ಸಿಗುವ ಅಗಲ ಬರುತ್ತದೆ. ಕ್ಯಾನನ್ 1500ಡಿ, 200ಡಿ ಮಾರ್ಕ್ 2 ತರಹದ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಸೆನ್ಸರ್ ಅಗಲ ಸುಮಾರು 22.3 ಮಿ.ಮೀ., ನಿಕಾನ್ ಡಿ3500, ಡಿ5600ರಲ್ಲಿ 23.5 ಮಿ.ಮೀ. 3 ಮೀಟರ್ ದೂರದಿಂದ 50 ಎಂಎಂ ಲೆನ್ಸ್ ಕ್ಯಾನನ್‌ನಲ್ಲಿ 1.34 ಮೀಟರ್ ಅಗಲವನ್ನಷ್ಟೇ ಹಿಡಿಯುತ್ತದೆ. ಸೋಫಾದಲ್ಲಿ ಇಬ್ಬರು ಕೂತರೆ ಅಲ್ಲಿಗೆ ಮುಗಿಯಿತು. ಅದೇ ದೂರದಿಂದ ನಿಕಾನ್‌ನಲ್ಲಿ 35 ಎಂಎಂ 2 ಮೀಟರ್, ಕ್ಯಾನನ್‌ನಲ್ಲಿ 24 ಎಂಎಂ 2.8 ಮೀಟರ್, 18 ಎಂಎಂ 3.7 ಮೀಟರ್ ಹಿಡಿಯುತ್ತವೆ.

ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ನಿಂತ ಒಬ್ಬರನ್ನು ತಲೆಯಿಂದ ಪಾದದವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ಹಿಡಿಯಬೇಕು ಅನ್ನಿ. ಫ್ರೇಮಿನಲ್ಲಿ 2 ಮೀಟರ್ ಎತ್ತರ ಬೇಕು. 50 ಎಂಎಂಗೆ ಸುಮಾರು ನಾಲ್ಕೂವರೆ ಮೀಟರ್ ಹಿಂದೆ ನಿಲ್ಲಬೇಕಾಗುತ್ತದೆ. ನಿಕಾನ್‌ನಲ್ಲಿ 35 ಎಂಎಂಗೆ 3 ಮೀಟರ್ ಸಾಕು. ಕ್ಯಾನನ್‌ನಲ್ಲಿ 24 ಎಂಎಂಗೆ ಎರಡೂ ಕಾಲು ಮೀಟರ್‌ಗಿಂತ ಕಡಿಮೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾದ 10 ಅಡಿ 12 ಅಡಿ ಕೋಣೆ ಅಂದರೆ 3 ಮೀಟರ್ 3.6 ಮೀಟರ್, ಅದರಲ್ಲಿ ಮಂಚ ಬೀರುಗಳಿಗೆ ಹೋದದ್ದು ಬೇರೆ. ಇಷ್ಟು ಗೊತ್ತಾದ ಮೇಲೆ ಅಂಗಡಿಯವನ ಜತೆ ಚರ್ಚೆಗೆ ಹೆಚ್ಚೇನೂ ಉಳಿಯುವುದಿಲ್ಲ.

ಲೆಕ್ಕ ಬೇಡ ಅನ್ನುವವರಿಗೆ ಕ್ಯಾಮೆರಾ ಜತೆಗೇ ಬರುವ ಕಿಟ್ ಲೆನ್ಸೇ ಅಳತೆಗೋಲು. 18-55ರ ಝೂಮ್ ರಿಂಗನ್ನು 35ಕ್ಕೆ ತಿರುಗಿಸಿ, ಕಿತ್ತಾಗ ಅಂಟು ಉಳಿಯದಂಥ ಕಾಗದದ ಟೇಪ್‌ನ ಚೂರೊಂದನ್ನು ರಿಂಗ್ ಮತ್ತು ಬ್ಯಾರಲ್ ಎರಡನ್ನೂ ಹಿಡಿಯುವಂತೆ ಅಂಟಿಸಿ. ಒಂದು ವಾರ ಹಾಗೆಯೇ ತೆಗೆಯಿರಿ. ಮುಂದಿನ ವಾರ 55ಕ್ಕೆ ಅಂಟಿಸಿ. 50ಕ್ಕೂ 55ಕ್ಕೂ ಇಲ್ಲಿ ಅಂಥ ವ್ಯತ್ಯಾಸವಿಲ್ಲ. ಇಕ್ಕಟ್ಟು ಯಾವುದರಲ್ಲಿ, ಆರಾಮ ಯಾವುದರಲ್ಲಿ ಎಂದು ಕಾಲಿಗೇ ಗೊತ್ತಾಗುತ್ತದೆ. ಈಗಾಗಲೇ ಸಾಕಷ್ಟು ಫೋಟೊ ತೆಗೆದಿದ್ದರೆ ಟೇಪೂ ಬೇಡ. ಪ್ರತಿ ಫೋಟೊದ ಎಕ್ಸಿಫ್ ಮಾಹಿತಿಯಲ್ಲಿ (ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರ) ಫೋಕಲ್ ಲೆಂತ್ ಇರುತ್ತದೆ; ವಿಂಡೋಸ್‌ನ ಫೋಲ್ಡರ್‌ನಲ್ಲಿ ಆ ಕಾಲಂ ಸೇರಿಸಿ ಅದರ ಪ್ರಕಾರ ಜೋಡಿಸಿ ನೋಡಿ. ಆದರೆ ಎಲ್ಲ ಫೋಟೊಗಳನ್ನೂ ಎಣಿಸಬೇಡಿ. ನಿಮಗೆ ಇಷ್ಟವಾಗಿ ಉಳಿಸಿಕೊಂಡವನ್ನು ಮಾತ್ರ ಎಣಿಸಿ. 55ರಲ್ಲೇ ರಾಶಿ ಬಿದ್ದಿದ್ದು, ಅವುಗಳಲ್ಲೂ ಬಹುಪಾಲು ಕತ್ತರಿಸಿ ದೊಡ್ಡದು ಮಾಡಿದವಾದರೆ ನಿಮಗೆ ಬೇಕಿರುವುದು 50 ಅಲ್ಲ, ಟೆಲಿ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್. 18ರಲ್ಲೇ ರಾಶಿ ಬಿದ್ದಿದ್ದರೆ ಯಾವ ಪ್ರೈಮೂ (ಝೂಮ್ ಆಗದ ಲೆನ್ಸ್) ಈಗ ಬೇಡ.

ಇನ್ನು ಬೆಳಕು. ನೀವು ಹೆಚ್ಚಾಗಿ ಫೋಟೊ ತೆಗೆಯುವ ಜಾಗಕ್ಕೆ, ತೆಗೆಯುವ ಹೊತ್ತಿನಲ್ಲೇ ಹೋಗಿ. ಅಪರ್ಚರ್ ಪ್ರಯಾರಿಟಿ ಮೋಡ್ (ಅಪರ್ಚರ್ ನೀವು ಆರಿಸುವುದು, ಶಟರ್ ಸ್ಪೀಡ್ ಕ್ಯಾಮೆರಾ ಆರಿಸುವುದು), ಕಿಟ್ ಲೆನ್ಸ್ 55ರಲ್ಲಿ, ಅಪರ್ಚರ್ ಎಫ್/5.6, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) 1600. ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಸೆಕೆಂಡಿನ ಭಾಗ, ಎಷ್ಟು ತೋರಿಸುತ್ತದೆ ನೋಡಿ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ 1/15, 1/20 ಬಂದರೆ ಆಶ್ಚರ್ಯವಿಲ್ಲ. ಕೂತು ಮಾತಾಡುವವರಿಗೆ 1/100 ಬೇಕು, ಓಡಾಡುವ ಮಗುವಿಗೆ 1/250. ಲೆನ್ಸ್‌ನಲ್ಲಿ ಐಎಸ್ ಅಥವಾ ವಿಆರ್ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಅದು ತಡೆಯುವುದು ನಿಮ್ಮ ಕೈನಡುಕವನ್ನು, ಮಗುವಿನ ಓಟವನ್ನಲ್ಲ.

ಎಫ್/5.6ರಿಂದ ಎಫ್/1.8ಕ್ಕೆ ಬಂದರೆ ಬೆಳಕು ಹತ್ತಿರ ಹತ್ತಿರ 10 ಪಟ್ಟು: 1/15 ಇದ್ದದ್ದು 1/150ರ ಆಸುಪಾಸಿಗೆ ಬರುತ್ತದೆ. ಆದರೆ ಈ 10 ಪಟ್ಟಿನ ಲೆಕ್ಕ 50 ಎಂಎಂಗೆ ಮಾತ್ರ, ಇದನ್ನು ಹೇಳುವವರು ಕಡಿಮೆ. ಕಿಟ್ ಲೆನ್ಸ್ ಅಗಲದ ಕಡೆ ಹೋದಂತೆ ಅದರ ಅಪರ್ಚರೂ ದೊಡ್ಡದಾಗುತ್ತದೆ. 35ರಲ್ಲಿ ಅದು ಎಫ್/4.5ರ ಸುಮಾರು, 24ರಲ್ಲಿ ಎಫ್/4. ಆದ್ದರಿಂದ ನಿಕಾನ್‌ನ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ ಕೊಂಡರೆ ಕಿಟ್‌ಗಿಂತ 6 ಪಟ್ಟು ಬೆಳಕು ಸಿಕ್ಕಿತು. ಕ್ಯಾನನ್‌ನ ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ ಕೊಂಡರೆ ಬರೀ 2 ಪಟ್ಟು, ಅಂದರೆ ಒಂದೇ ಸ್ಟಾಪ್. ಅದರಲ್ಲಿ ಐಎಸ್ ಇಲ್ಲ.

ಇದೇ ಕಾರಣಕ್ಕೆ ನನ್ನ ಸಲಹೆ ಎರಡು ಬ್ರ್ಯಾಂಡ್‌ಗಳಿಗೂ ಒಂದೇ ಅಲ್ಲ. ನಿಕಾನ್ ಇದ್ದವರಿಗೆ, ಮನೆಯೊಳಗಿನ ಫೋಟೊ ಮುಖ್ಯವಾದರೆ, 35 ಎಂಎಂ ಎಫ್/1.8ಜಿ, ಹೆಚ್ಚು ಯೋಚಿಸುವ ಅಗತ್ಯವಿಲ್ಲ. 200 ಗ್ರಾಂ ತೂಕ, 30 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತದೆ, ಅಡ್ಡ ಬೆಳಕು ತಡೆಯಲು ಲೆನ್ಸ್ ಮುಂದೆ ಹಾಕುವ ಹುಡ್ ಪೆಟ್ಟಿಗೆಯಲ್ಲೇ ಬರುತ್ತದೆ. ಕ್ಯಾನನ್‌ನ ಕ್ರಾಪ್ ಸೆನ್ಸರ್‌ಗೆಂದೇ (ಮೇಲೆ ಹೇಳಿದ 22.3 ಮಿ.ಮೀ. ಅಗಲದ ಚಿಕ್ಕ ಸೆನ್ಸರ್) ಮಾಡಿದ, ಇದಕ್ಕೆ ಸಾಟಿಯಾದ ಅಗ್ಗದ ಲೆನ್ಸ್ ಕ್ಯಾನನ್‌ನಲ್ಲಿ ಇಲ್ಲ. ಇಎಫ್ 35 ಎಂಎಂ ಎಫ್/2 ಐಎಸ್ ಒಳ್ಳೆಯದೇ, ಆದರೆ ಬೆಲೆ ಬೇರೆ ಮಟ್ಟದ್ದು. ಹಾಗಾಗಿ ಕ್ಯಾನನ್‌ನವರು ಮನೆಯೊಳಗಿನ ಬೆಳಕಿನ ಸಮಸ್ಯೆಗಾಗಿ 24 ಎಂಎಂ ಕೊಳ್ಳುವ ಬದಲು, ತಲೆ ತಿರುಗಿಸಬಹುದಾದ ಫ್ಲ್ಯಾಶ್ ಒಂದನ್ನು ಕೊಂಡು ಅದರ ಬೆಳಕನ್ನು ಬಿಳಿ ಚಾವಣಿಗೆ ಬೌನ್ಸ್ ಮಾಡುವುದು, ಅಂದರೆ ಅಲ್ಲಿಗೆ ಬಡಿದು ಕೆಳಗೆ ಮರಳುವಂತೆ ಬಿಡುವುದು, ಲಾಭ. ಕಿಟ್ ಲೆನ್ಸ್ ಎಫ್/5.6, ಐಎಸ್‌ಒ 800, 1/125ರಲ್ಲಿ ಇಡೀ ಕೋಣೆ ಮೃದುವಾದ ಬೆಳಕಿನಲ್ಲಿ ತುಂಬುತ್ತದೆ. ಹೆಂಚಿನ ಮನೆ, ಮರದ ಮುಚ್ಚಿಗೆ, ಬಣ್ಣ ಬಳಿದ ಚಾವಣಿ ಇದ್ದಲ್ಲಿ ಈ ಉಪಾಯ ನಡೆಯದು. ಬೆಳಕು ಹೀರಿಹೋಗುತ್ತದೆ ಅಥವಾ ಮುಖಕ್ಕೆ ಆ ಬಣ್ಣ ಬಡಿಯುತ್ತದೆ. ಇನ್ನೊಂದು ಎಚ್ಚರಿಕೆ: 200ಡಿ ಮಾರ್ಕ್ 2ರಂಥ ಕೆಲವು ಬಾಡಿಗಳ ಹಾಟ್ ಶೂನಲ್ಲಿ (ಮೇಲ್ಗಡೆ ಫ್ಲ್ಯಾಶ್ ಕೂರಿಸುವ ಜಾಗ) ನಡುವಿನ ಪಿನ್ ಇಲ್ಲ. ಒಂದೇ ಪಿನ್ನಿನ ಅಗ್ಗದ ಫ್ಲ್ಯಾಶ್ ಅವುಗಳ ಮೇಲೆ ಹೊತ್ತುವುದೇ ಇಲ್ಲ.

50 ಎಂಎಂ ಕೆಟ್ಟ ಲೆನ್ಸ್ ಅಂತಲ್ಲ. ಕ್ಯಾನನ್‌ನ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಆ ಬೆಲೆಗೆ ಕೊಡುವ ಚಿತ್ರದ ಗುಣಮಟ್ಟ ದೊಡ್ಡದು. ಅದರ ಜಾಗ ಹೊರಗೆ, ವೇದಿಕೆಯ ಮುಂದೆ. ಯಕ್ಷಗಾನದ ರಂಗಸ್ಥಳದಿಂದ 6 ಮೀಟರ್ ದೂರದಲ್ಲಿ ಕೂತು ಕ್ಯಾಮೆರಾ ಉದ್ದಕ್ಕೆ ಹಿಡಿದರೆ 2.7 ಮೀಟರ್ ಎತ್ತರ ಸಿಗುತ್ತದೆ: ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ವೇಷ ಪೂರ್ತಿ. ಎಫ್/2.8, ಶಟರ್ 1/250, ಐಎಸ್‌ಒ 1600ರಿಂದ ಶುರು ಮಾಡಿ. ಧೀಂಗಿಣ (ವೇಗವಾಗಿ ಸುತ್ತುತ್ತ ಹಾರುವ ಕುಣಿತ) ಹಾಕುವಾಗ 1/500 ಇಲ್ಲದಿದ್ದರೆ ಕೈಕಾಲು ಕರಗುತ್ತವೆ. ಮೀಟರಿಂಗ್ (ಕ್ಯಾಮೆರಾ ಬೆಳಕು ಅಳೆಯುವ ಬಗೆ) ಸ್ಪಾಟ್‌ಗೆ ಅಥವಾ ಸೆಂಟರ್‌ಗೆ ಇಡಿ, ಇಲ್ಲವಾದರೆ ಹಿಂದಿನ ಕತ್ತಲೆಯನ್ನು ನೋಡಿ ಕ್ಯಾಮೆರಾ ಮುಖದ ಬಣ್ಣಗಾರಿಕೆಯನ್ನು ಸುಟ್ಟುಬಿಡುತ್ತದೆ. ಭರತನಾಟ್ಯ, ಶಾಲಾ ವಾರ್ಷಿಕೋತ್ಸವಕ್ಕೂ ಇದೇ ಲೆಕ್ಕ. ಮದುವೆಯಲ್ಲಿ ಮಾತ್ರ ಧಾರೆಯ ಹೊತ್ತಿಗೆ ಮಂಟಪದ ಸುತ್ತ 2 ಮೀಟರ್ ಜಾಗ ಸಿಕ್ಕರೆ ಪುಣ್ಯ, ಅಲ್ಲಿ 50 ಎಂಎಂ ಲೆನ್ಸ್ ಚೀಲದಲ್ಲೇ ಇರಲಿ.

ಹಕ್ಕಿ, ಪ್ರಾಣಿ ನಿಮ್ಮ ಆಸಕ್ತಿಯಾದರೆ ಮೊದಲ ಲೆನ್ಸ್ ನೇರವಾಗಿ ಟೆಲಿ ಝೂಮ್ ಆಗಲಿ: ಕ್ಯಾನನ್‌ಗೆ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ, ನಿಕಾನ್‌ಗೆ ಎಎಫ್-ಪಿ ಡಿಎಕ್ಸ್ 70-300 ವಿಆರ್. ಇದೇ ಮಾದರಿ ವಿಆರ್ ಇಲ್ಲದೆಯೂ ಬರುತ್ತದೆ, ಹೆಸರು ಸರಿಯಾಗಿ ಓದಿ. ರಂಗನತಿಟ್ಟಿನ ದೋಣಿಯಿಂದ 15 ಮೀಟರ್ ದೂರದ ಕೊಕ್ಕರೆಗೆ 250 ಎಂಎಂ ಫ್ರೇಮಿನಲ್ಲಿ 90 ಸೆಂ.ಮೀ. ಎತ್ತರ ಹಿಡಿಯುತ್ತದೆ, ನಿಂತ ಹಕ್ಕಿ ಫ್ರೇಮ್ ತುಂಬುತ್ತದೆ. ಹಿತ್ತಲಿನ ಸೂರಕ್ಕಿ ಬೇರೆ ವಿಷಯ. 10 ಸೆಂ.ಮೀ. ಹಕ್ಕಿ, 5 ಮೀಟರ್ ದೂರ, ಫ್ರೇಮ್ ಅಗಲ 45 ಸೆಂ.ಮೀ.; ಕಾಲು ಭಾಗವೂ ತುಂಬದು. ಇನ್ನೂ ಉದ್ದದ ಲೆನ್ಸ್ ಕೊಳ್ಳುವ ಬದಲು ದಾಸವಾಳದ ಗಿಡದ ಪಕ್ಕ ಅಲುಗಾಡದೆ ಕೂತು ದೂರವನ್ನು ಅರ್ಧ ಮಾಡಿಕೊಳ್ಳುವುದು ಅಗ್ಗ. ದೋಣಿಯಲ್ಲಿ ಶಟರ್ 1/500ಕ್ಕಿಂತ ಕೆಳಗಿಳಿಸಬೇಡಿ.

ಕೊಳ್ಳುವ ಮುಂಚೆ ಹೊಂದಾಣಿಕೆ ನೋಡಿ. ನಿಕಾನ್‌ನ ಹಳೆಯ ಎಎಫ್ 50 ಎಂಎಂ ಎಫ್/1.8ಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರೊಳಗೆ ಫೋಕಸ್ ನಡೆಸುವ ಮೋಟಾರ್ ಇಲ್ಲ. ಡಿ3000 ಮತ್ತು ಡಿ5000 ಸರಣಿಯ ಯಾವ ಬಾಡಿಯಲ್ಲೂ ಮೋಟಾರ್ ಇಲ್ಲದ್ದರಿಂದ ಆಟೊಫೋಕಸ್ ಆಗದು. ಡಿ7000 ಸರಣಿಯಲ್ಲಿ ಆಗುತ್ತದೆ. ಇದರ ಉಲ್ಟಾ ಎಎಫ್-ಪಿ ಲೆನ್ಸ್‌ಗಳದು. ಡಿ3200, ಡಿ5100, ಡಿ7000, ಡಿ90ಯಂಥ ಹಳೆಯ ಬಾಡಿಗಳಲ್ಲಿ ಅವು ಫೋಕಸ್ ಆಗುವುದೇ ಇಲ್ಲ, ಕೈಯಿಂದಲೂ ಆಗದು, ಏಕೆಂದರೆ ಫೋಕಸ್ ರಿಂಗ್ ಕೂಡ ವಿದ್ಯುತ್ತಿನ ಮೇಲೆಯೇ ನಡೆಯುತ್ತದೆ. ಕ್ಯಾನನ್‌ನಲ್ಲಿ ತೊಡಕು ಕಡಿಮೆ: ಬಿಳಿ ಚೌಕದ ಇಎಫ್-ಎಸ್, ಕೆಂಪು ಚುಕ್ಕೆಯ ಇಎಫ್ ಎರಡೂ ಕ್ರಾಪ್ ಬಾಡಿಗೆ ಕೂರುತ್ತವೆ; ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಇಎಫ್ ಮಾತ್ರ.

ಎಫ್/1.8 ಲೆನ್ಸ್ ಬಂದ ಮೊದಲ ದಿನಗಳಲ್ಲಿ ಕೇಳಿಬರುವ ದೂರು "ಶಾರ್ಪ್ ಇಲ್ಲ" ಎಂಬುದು. ನೂರಕ್ಕೆ ತೊಂಬತ್ತು ಸಲ ದೋಷ ಲೆನ್ಸಿನದಲ್ಲ. 50 ಎಂಎಂ, ಎಫ್/1.8, 2 ಮೀಟರ್ ದೂರ: ಸ್ಪಷ್ಟವಾಗಿ ಕಾಣುವ ಆಳ ಒಟ್ಟು 11 ಸೆಂ.ಮೀ. ಒಂದೂವರೆ ಮೀಟರ್‌ಗೆ ಬಂದರೆ 6 ಸೆಂ.ಮೀ. ನೀವು ಉಸಿರಾಡುವಾಗ ವಾಲಿದರೂ ಕಣ್ಣು ಹೋಗಿ ಕಿವಿ ಶಾರ್ಪ್ ಆಗುತ್ತದೆ. ಎಲ್ಲ ಫೋಕಸ್ ಪಾಯಿಂಟ್‌ಗಳನ್ನೂ ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ಅದು ಹತ್ತಿರದ್ದನ್ನು, ಅಂದರೆ ಮೂಗನ್ನೋ ಮುಂದೆ ಚಾಚಿದ ಕೈಯನ್ನೋ ಹಿಡಿಯುತ್ತದೆ. ಒಂದೇ ಪಾಯಿಂಟ್ ಆರಿಸಿ, ಹತ್ತಿರದ ಕಣ್ಣಿನ ಮೇಲಿಡಿ, ಅಪರ್ಚರನ್ನು ಎಫ್/2.8ಕ್ಕೆ ಕಿರಿದು ಮಾಡಿ. ಇಬ್ಬರಿದ್ದರೆ ಎಫ್/4, ಎರಡು ಸಾಲಾಗಿ ನಿಂತ ಕುಟುಂಬಕ್ಕೆ ಎಫ್/5.6 ಅಥವಾ ಎಫ್/8. ಆರಂಭಿಕರಿಗೆಂದು ಮಾಡಿದ ಬಾಡಿಗಳ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಎಫ್/1.8ರ ನಿಜವಾದ ಬ್ಲರನ್ನು ತೋರಿಸುವುದಿಲ್ಲ, ಅದರಲ್ಲಿ ನೋಡಿ ಫೋಕಸ್ ಸರಿಯಿದೆ ಎಂದು ನಂಬಬೇಡಿ.

ಆಮೇಲೂ ಅನುಮಾನ ಉಳಿದರೆ ಪರೀಕ್ಷೆ ಹೀಗೆ. ಟ್ರೈಪಾಡ್ ಮೇಲೆ ಕ್ಯಾಮೆರಾ, ಒಂದೂವರೆ ಮೀಟರ್ ದೂರದಲ್ಲಿ ಮೂರು ಪೆನ್‌ಸೆಲ್‌ಗಳನ್ನು ನಿಲ್ಲಿಸಿ, ಒಂದರ ಹಿಂದೆ ಒಂದು 5 ಸೆಂ.ಮೀ. ಅಂತರದಲ್ಲಿ, ಪಕ್ಕಕ್ಕೆ ತುಸು ಸರಿಸಿ. ಅಪರ್ಚರ್ ಎಫ್/1.8, ನಡುವಿನ ಸೆಲ್‌ಗೆ ನಡುವಿನ ಪಾಯಿಂಟ್, 2 ಸೆಕೆಂಡ್ ಟೈಮರ್. ಪ್ರತಿ ಸಲವೂ ಫೋಕಸನ್ನು ಕೈಯಿಂದ ದೂರಕ್ಕೆ ತಿರುಗಿಸಿ ಮತ್ತೆ ಹಿಡಿಸಿ, ಐದಾರು ಚಿತ್ರ ತೆಗೆಯಿರಿ. ಪ್ರತಿ ಸಲವೂ ಮುಂದಿನದೇ ಅಥವಾ ಹಿಂದಿನದೇ ಸೆಲ್ ಶಾರ್ಪ್ ಬಂದರೆ ಅದು ಫ್ರಂಟ್ ಅಥವಾ ಬ್ಯಾಕ್ ಫೋಕಸ್. ಒಮ್ಮೆ ಹಿಂದೆ ಒಮ್ಮೆ ಮುಂದೆ ಬಂದರೆ ಬೆಳಕು ಸಾಲದು, ಇನ್ನೊಂದು ದೀಪ ಹಾಕಿ. ಇದೇ ಚಿತ್ರವನ್ನು ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ತೆಗೆದಾಗ ಸರಿ ಬಂದರೆ ಲೆನ್ಸಿನ ಗಾಜು ಸರಿಯಿದೆ ಎಂದರ್ಥ. ಡಿ7500, 80ಡಿಯಂಥ ಬಾಡಿಗಳಲ್ಲಿ ಮೆನುವಿನಿಂದಲೇ ತಿದ್ದಬಹುದು. 1500ಡಿ, ಡಿ3500, ಡಿ5600ರಲ್ಲಿ ಆ ಸೌಲಭ್ಯವಿಲ್ಲ, ವಾರಂಟಿ ಇರುವಾಗಲೇ ಬದಲಿಸಿಕೊಳ್ಳಿ.

ಕಂಪನಿಗಳ ಗಮನವೆಲ್ಲ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೋಗಿರುವುದರಿಂದ ಸೆಕೆಂಡ್ ಹ್ಯಾಂಡ್ ಲೆನ್ಸ್‌ಗಳಿಗೆ ಬರವಿಲ್ಲ. ಕೈಗೆ ಬಂದೊಡನೆ ಮೊಬೈಲ್ ಟಾರ್ಚನ್ನು ಒಂದು ತುದಿಯಿಂದ ಓರೆಯಾಗಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಧೂಳಿನ ಕಣ ನಾಲ್ಕಿದ್ದರೆ ಚಿಂತೆಯಿಲ್ಲ. ಜೇಡರಬಲೆಯಂಥ ಎಳೆಗಳು ಫಂಗಸ್, ಬೆಲೆ ಎಷ್ಟೇ ಇಳಿಸಿದರೂ ಬೇಡ. ಹೆಸರಿನಲ್ಲಿ ಜಿ ಇರುವ ನಿಕಾನ್ ಲೆನ್ಸ್‌ಗಳ ಹಿಂಬದಿಯಲ್ಲಿ ಅಪರ್ಚರ್‌ನ ಸಣ್ಣ ಲಿವರ್ ಇರುತ್ತದೆ. ಉಗುರಿನಿಂದ ಸರಿಸಿ ಬಿಟ್ಟರೆ ಎಸಳುಗಳು ಫಟ್ಟನೆ ಮರಳಬೇಕು, ಅವುಗಳ ಮೇಲೆ ಎಣ್ಣೆ ಕಂಡರೆ ವಾಪಸ್ ಕೊಡಿ. ಝೂಮ್ ಆದರೆ ಎರಡೂ ತುದಿಯಲ್ಲಿ ಮತ್ತು ನಡುವೆ, ಎಫ್/11ರಲ್ಲಿ ಒಂದೊಂದು ಚಿತ್ರ ತೆಗೆಯಲೇಬೇಕು. ಹಳೆಯ ಝೂಮ್‌ಗಳಲ್ಲಿ ಒಳಗಿನ ಫ್ಲೆಕ್ಸ್ ಕೇಬಲ್ ಸವೆದಿದ್ದರೆ ಅಪರ್ಚರ್ ಪೂರ್ತಿ ತೆರೆದಾಗ ಎಲ್ಲ ಸರಿ ಕಾಣುತ್ತದೆ, ಮುಚ್ಚಲು ಹೋದಾಗ ಎರರ್ ಬರುತ್ತದೆ.

ಯುವಿ ಫಿಲ್ಟರ್ ದುಡ್ಡನ್ನು ಹುಡ್‌ಗೆ ಹಾಕಿ. ಅಗ್ಗದ ಫಿಲ್ಟರ್ ಹಾಕಿ ದೀಪದ ಸಾಲು ತೆಗೆದರೆ ಪ್ರತಿ ದೀಪಕ್ಕೂ ಇನ್ನೊಂದು ನೆರಳುದೀಪ ಕಾಣಿಸಿಕೊಳ್ಳುತ್ತದೆ. ಕಡಲತೀರದ ಉಪ್ಪುಗಾಳಿಗೆ ಮಾತ್ರ ಫಿಲ್ಟರ್ ಸರಿ.

ಕರಾವಳಿ, ಮಲೆನಾಡಿನವರು ಜೂನ್‌ಗೆ ಮುಂಚೆಯೇ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಸಣ್ಣ ಹೈಗ್ರೋಮೀಟರ್ ತಂದಿಟ್ಟುಕೊಳ್ಳಿ. ತೇವಾಂಶ ಶೇ 40ರಿಂದ 50ರ ನಡುವೆ ನಿಲ್ಲಲಿ. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಬಾಣಲೆ ಮುಟ್ಟಬೇಡಿ, ಅದಕ್ಕೆಂದೇ ಹಳೆಯ ತಟ್ಟೆ ಇರಲಿ. ಕ್ಯಾಮೆರಾ ಜತೆ ಬರುವ ಚೀಲ ಒಯ್ಯಲು ಮಾತ್ರ. ಮಳೆಗಾಲದಲ್ಲಿ ಅದರೊಳಗೇ ಬಿಟ್ಟ ಲೆನ್ಸ್‌ಗೆ ಫಂಗಸ್ ಬೇಗ ಹಿಡಿಯುತ್ತದೆ.