ನೀರಿಗೆ ಊಟ ಹಾಕಿದ 33 ದಿನ

ಶನಿವಾರ ಟ್ಯಾಂಕ್ ತಂದೆ, ಭಾನುವಾರ ಮೀನು ಬಿಟ್ಟೆ. ಆರು ನಿಯಾನ್ ಟೆಟ್ರಾ, ಆರು ಗಪ್ಪಿ. ಅದರ ಮುಂದಿನ ಭಾನುವಾರ ಲೆಕ್ಕ ಹಾಕಿದರೆ ಉಳಿದದ್ದು ಮೂರು ಗಪ್ಪಿ ಮಾತ್ರ.

ಐದನೇ ದಿನ ಬೆಳಿಗ್ಗೆ ನೋಡಿದಾಗ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಂಗಡಿಯವರಿಗೆ ಫೋನ್ ಮಾಡಿದರೆ, "ನೀರು ಪೂರ್ತಿ ಚೇಂಜ್ ಮಾಡಿ ಸಾರ್, ಫಿಲ್ಟರ್ ಚೆನ್ನಾಗಿ ತೊಳೀರಿ" ಅಂದರು. ಶ್ರದ್ಧೆಯಿಂದ ಮಾಡಿದೆ. ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು, ಬಟ್ಟೆ ಹಿಂಡಿದ ಹಾಗೆ ಹಿಂಡಿ ಹಿಂಡಿ ತೊಳೆದೆ. ಆಗಷ್ಟೇ ಬೆಳೆಯತೊಡಗಿದ್ದ ಬ್ಯಾಕ್ಟೀರಿಯಾವನ್ನೆಲ್ಲ ಕ್ಲೋರಿನ್ ನೀರಿನಲ್ಲಿ ತೊಳೆದು ಕಳೆದೆ ಅನ್ನುವುದು ತಿಳಿದಾಗ ಸತ್ತ ಮೀನನ್ನು ಕುಂಡದಲ್ಲಿ ಹೂತಾಗಿತ್ತು.

ಆಗ ಓದಿಕೊಂಡು ಅರ್ಥಮಾಡಿಕೊಂಡದ್ದಿಷ್ಟು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಕಿವಿರನ್ನು ಸುಡುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ರಕ್ತ ಆಮ್ಲಜನಕ ಹೊರದ ಹಾಗೆ ಮಾಡಿಬಿಡುತ್ತದೆ. ಇನ್ನೊಂದು ಜಾತಿಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಸ್ವಲ್ಪವಿದ್ದರೆ ಮೀನು ತಡೆದುಕೊಳ್ಳುತ್ತವೆ. ಈ ಎರಡು ಜಾತಿಯವೂ ಹೆಚ್ಚಾಗಿ ಸ್ಪಂಜು, ಜಲ್ಲಿಗೆ ಅಂಟಿಕೊಂಡೇ ಇರುತ್ತವೆ, ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಒಂದು ರಾತ್ರಿ.

ಉಳಿದ ಮೂರು ಗಪ್ಪಿಗಳನ್ನು ಗೆಳೆಯನ ಟ್ಯಾಂಕಿಗೆ ಕಳಿಸಿದೆ. ಅವನು ಬದಲಿಗೆ ತನ್ನ ಹಳೇ ಫಿಲ್ಟರ್ ಹಿಂಡಿದ ಕಂದು ರಾಡಿಯನ್ನು ಬಾಟಲಿಯಲ್ಲಿ ತುಂಬಿ ಕೊಟ್ಟ. ನೋಡಲು ಅಸಹ್ಯ, ಆದರೆ ಅದರ ತುಂಬ ಆ ಬ್ಯಾಕ್ಟೀರಿಯಾ; ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಅತ್ಯಮೂಲ್ಯ ವಸ್ತು ಅದೇ.

ಎರಡನೇ ಸಲ ಜಾಗವನ್ನೂ ಬದಲಿಸಿದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಲೆಕ್ಕದಲ್ಲಿ 56 ಲೀಟರ್. ಜಲ್ಲಿ ಹಾಕಿ ಮೇಲೆ ಸ್ವಲ್ಪ ಬಿಟ್ಟರೆ ನೀರು 40ರ ಆಸುಪಾಸು. ಗಾಜು, ಜಲ್ಲಿಯ ತೂಕ ಸೇರಿದರೆ ಸಿಮೆಂಟ್ ಮೂಟೆಗಿಂತ ಭಾರ. ಪ್ಲೈವುಡ್ಡಿನ ಟಿವಿ ಸ್ಟ್ಯಾಂಡ್ ಬಾಗಲು ಶುರುವಾಗಿದ್ದರಿಂದ, ಹಾಲ್‌ನಲ್ಲಿರುವ ಕಡಪ ಕಲ್ಲಿನ ಶೆಲ್ಫಿನ ಮೇಲೆ ಥರ್ಮಾಕೋಲ್ ಹಾಸಿ ಕೂರಿಸಿದೆ. ಪ್ಲಗ್ಗಿಗೆ ಹೋಗುವ ಮೊದಲು ವಯರು ಒಮ್ಮೆ ಸಾಕೆಟ್ಟಿಗಿಂತ ಕೆಳಗೆ ಜೋತುಬೀಳುವ ಹಾಗೆ ಬಿಟ್ಟೆ. ವಯರಿನ ಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕಲಿ ಎಂದು.

ಆಮೇಲೆ ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕತೊಡಗಿದೆ. ಕೊಳೆತು ಅಮೋನಿಯಾ ಆಗಬೇಕಲ್ಲ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಅಮ್ಮ ಎರಡು ದಿನ ಸುಮ್ಮನೆ ನೋಡಿ, ಮೂರನೇ ದಿನ "ಬರೀ ನೀರಿಗೆ ಊಟ ಹಾಕ್ತೀಯಲ್ಲೋ, ತಲೆ ನೆಟ್ಟಗಿದೆಯಾ?" ಅಂದರು. ಟೆಸ್ಟ್ ಕಿಟ್ಟಿನ ಗಾಜಿನ ನಳಿಕೆಗೆ ಹನಿ ಬಿಟ್ಟು ಐದು ನಿಮಿಷ ಕಾದರೆ ಅಮೋನಿಯಾ ಇದ್ದಾಗ ಹಸಿರು, ಇಲ್ಲದಾಗ ಹಳದಿ. ಹದಿನೈದು ದಿನ ಹಸಿರೇ ಹಸಿರು. ನಂತರ ಅದು ಇಳಿಯುತ್ತಾ ಬಂತು, ನೈಟ್ರೈಟ್ ಏರಿತು. 33ನೇ ದಿನ ಎರಡೂ ಸೊನ್ನೆ. ರಾಡಿ ಹಾಕಿಯೂ ಇಷ್ಟು ದಿನ ಹಿಡಿಯಿತು. ಬಹುಶಃ ಆಹಾರ ತುಸು ಹೆಚ್ಚೇ ಹಾಕಿದ್ದೆ.

ಈ ಸಲ ಟೆಟ್ರಾ ತರಲಿಲ್ಲ. ನಮ್ಮ ಸಂಪಿನಲ್ಲಿ ಕಾವೇರಿಗಿಂತ ಬೋರ್‌ವೆಲ್ ನೀರೇ ಜಾಸ್ತಿ, ಬಕೆಟ್ಟಿನ ಒಳಗೆಲ್ಲ ಬಿಳಿ ಪೊರೆ. ಟೆಟ್ರಾ ಮೂಲತಃ ಅಮೆಜಾನ್ ಕಡೆಯ ಮೆದು ನೀರಿನದು. ಗಡಸು ನೀರು ಗಪ್ಪಿ, ಮಾಲಿ ಮೀನುಗಳಿಗೆ ಒಗ್ಗುತ್ತದೆ. ಅಂಗಡಿಯಲ್ಲಿ ಕೆಂಪು ಗೆರೆಯ ಮಿಸ್ ಕೇರಳ ತೋರಿಸಿ ಆಸೆ ಹುಟ್ಟಿಸಿದರು. ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ಅಳಿವಿನ ಅಂಚಿನದು. ಗುಂಪಾಗಿ ಹರಿವ ನೀರಿನಲ್ಲಿ ಓಡಾಡುವುದನ್ನು ಎರಡಡಿಯಲ್ಲಿ ಕೂಡಿಹಾಕಲು ಮನಸ್ಸಾಗಲಿಲ್ಲ. ಎರಡು ಗಂಡು, ನಾಲ್ಕು ಹೆಣ್ಣು ಗಪ್ಪಿ ತಂದೆ, ಜೊತೆಗೊಂದು ಹಿಡಿ ಹಾರ್ನ್‌ವರ್ಟ್ ಗಿಡ.

ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ನೀರು 20 ಡಿಗ್ರಿಗೆ ಇಳಿದಾಗ 50 ವ್ಯಾಟಿನ ಹೀಟರ್ ಹಾಕಿದೆ. ಭಾನುವಾರಕ್ಕೊಮ್ಮೆ ಹೀಟರ್ ಆಫ್ ಮಾಡಿ, ಕಾಲು ಭಾಗ ನೀರು ತೆಗೆದು, ಆ ತೆಗೆದ ನೀರಿನಲ್ಲೇ ಸ್ಪಂಜನ್ನು ನಾಲ್ಕು ಸಲ ಹಿಂಡುತ್ತೇನೆ. ಹೊಸ ನೀರಿಗೆ ಆಂಟಿ ಕ್ಲೋರಿನ್ ಬೆರೆಸಿಯೇ ಸುರಿಯುವುದು.

ಹೆಣ್ಣು ಗಪ್ಪಿ ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಮರಿ ಹಾಕುತ್ತದೆ ಎಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಗಿಡದ ಎಳೆಗಳ ನಡುವೆ ಎರಡು ಕಣ್ಣಿನ ಚುಕ್ಕೆ ಬಿಟ್ಟರೆ ಬೇರೇನೂ ಕಾಣದ ಮರಿಗಳು. ಮೊನ್ನೆ ಎಣಿಸಿದಾಗ ದೊಡ್ಡವು ಚಿಕ್ಕವು ಸೇರಿ 31. ಅಂದು ಮೂರನ್ನು ತೆಗೆದುಕೊಂಡಿದ್ದ ಗೆಳೆಯ ಈಗ ಫೋನ್ ಎತ್ತಿದ ತಕ್ಷಣ "ಗಪ್ಪಿ ವಿಷಯ ಆದ್ರೆ ಬೇಡ ಮಾರಾಯ" ಅನ್ನುತ್ತಾನೆ.