ಕಾಲಿಗೆ ಕೆಲಸ ಸಿಕ್ಕ ಮೇಲೆ

ಒಂದು ದಿನ ಸುಮ್ನೆ ನನ್ನ ಲಾಗ್‌ಬುಕ್ ತಿರುವಿ ಹಾಕುತ್ತಿದ್ದೆ. ಪೈಲಟ್ ಲೈಸೆನ್ಸ್ ಬಂದ ಹೊಸತರಲ್ಲಿ ಷರಾ ಬರೆಯುವ ಕಾಲಂ ನನಗೆ ಸಾಕಾಗುತ್ತಲೇ ಇರಲಿಲ್ಲ. 'ಅಡ್ಡಗಾಳಿ. ಎರಡನೇ ಲ್ಯಾಂಡಿಂಗ್ ಪುಟಿಯಿತು, ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಿದೆ.' 'ಮೊದಲ ಸಲ 8,000 ಅಡಿ, ಬೆರಳು ಮರಗಟ್ಟಿತು.' ಹೀಗೆ ಅಂಚಿನಲ್ಲೆಲ್ಲ ಗೀಚಿದ್ದೆ. ಕೊನೆಯ ಪುಟದಲ್ಲಿ ಮಾತ್ರ ಒಂದೇ ಪದ: 'ಲೋಕಲ್', ಅಂದರೆ ಅಲ್ಲೇ ಸುತ್ತಮುತ್ತ ಹಾರಿದ್ದು. ಅದರ ಕೆಳಗೆ 'ಮೇಲಿನಂತೆ' ಅನ್ನುವ ಗುರುತು. ಇಡೀ ವರ್ಷಕ್ಕೆ ಏಳು ಗಂಟೆ ಹಾರಿದ್ದೆ.

ಹೆದರಿಕೆ ಏನೂ ಇರಲಿಲ್ಲ. ಬೇಜಾರು ಬಂದಿತ್ತು, ಅಷ್ಟೇ. ಶನಿವಾರ ಬೆಳಿಗ್ಗೆ ಎದ್ದು ನೋಡಿದಾಗ ಮೋಡ ಕೆಳಗಿದ್ದರೆ ಒಳಗೊಳಗೇ ನಿರಾಳ ಅನ್ನಿಸುತ್ತಿತ್ತು. ಹಾರೋದಕ್ಕೆ ಅಂತ ವರ್ಷಗಟ್ಟಲೆ ಒದ್ದಾಡಿದವನಿಗೆ ಇದನ್ನು ಒಪ್ಪಿಕೊಳ್ಳೋದು ಕಷ್ಟ. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹೊಸ ಹೆಡ್‌ಸೆಟ್ ತಂದೆ. ದೊಡ್ಡ ಟ್ಯಾಬ್ಲೆಟ್ ತಂದೆ. ದೂರದ ರನ್‌ವೇಗಳಿಗೆ ಹೋಗಿ ಬಂದೆ. ಟೇಕಾಫ್ ಆಗಿ ಸ್ವಲ್ಪ ಹೊತ್ತಿಗೆ ಆಟೋಪೈಲಟ್ ಹಾಕಿ, ಪರದೆಯ ಮೇಲಿನ ಗೆರೆ ನೋಡುತ್ತಾ ಕೂರುತ್ತಿದ್ದೆ. ಇಳಿಯೋ ಜಾಗ ಬದಲಾಯಿತು. ನಾನು ಮಾಡುತ್ತಿದ್ದ ಕೆಲಸ ಬದಲಾಗಲಿಲ್ಲ.

ನಿಜವಾದ ತಿರುವು ಬಂದದ್ದು ಒಂದು ರಿಫ್ರೆಶರ್ ಹಾರಾಟದಲ್ಲಿ. ಬಹಳ ದಿನದಿಂದ ಸರಿಯಾಗಿ ಹಾರಿರಲಿಲ್ಲ, ಅದಕ್ಕೇ ಪಕ್ಕದಲ್ಲಿ ಒಬ್ಬ ಹಿರಿಯ ಇನ್‌ಸ್ಟ್ರಕ್ಟರನ್ನು ಕೂರಿಸಿಕೊಂಡೆ. ಸೆಸ್ನಾ 172, ನನಗೆ ಅಂಗೈ ಗೆರೆಯಷ್ಟು ಪರಿಚಯದ ವಿಮಾನ. ಮೇಲೇರುತ್ತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಕಾಲು ಎಲ್ಲಿದೆ?"

ಬಗ್ಗಿ ನೋಡಿದೆ. ಎರಡೂ ಪಾದ ನೆಲದ ಮೇಲೆ ಹಾಯಾಗಿ ಚಾಚಿಕೊಂಡಿದ್ದವು, ಸಿನಿಮಾ ನೋಡಲು ಕೂತ ಹಾಗೆ. ಎದುರಿಗೆ ಬಾಗಿದ ಗಾಜಿನ ಕೊಳವೆಯಲ್ಲಿ ಇರುವ, ವಿಮಾನ ಓರೆಯಾದರೆ ತೋರಿಸುವ ಬಾಲ್ ಅರ್ಧ ಆಚೆ ಹೋಗಿ ಬಲಕ್ಕೆ ಕೂತಿತ್ತು. ವಿಮಾನ ಓರೆಯಾಗಿ ಗಾಳಿ ಸೀಳುತ್ತಾ ಏರುತ್ತಿತ್ತು. ಎಷ್ಟು ವರ್ಷದಿಂದ ಹೀಗೆ ಏರುತ್ತಿದ್ದೆನೋ.

ಪ್ರೊಪೆಲ್ಲರ್ ಕಾಕ್‌ಪಿಟ್‌ನಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ. ಪೂರ್ತಿ ಪವರ್ ಕೊಟ್ಟು ಮೂಗು ಎತ್ತಿದಾಗ, ಪ್ರೊಪೆಲ್ಲರಿನ ಕೆಳಗಿಳಿಯುವ ಬಲಗಡೆಯ ಅಲಗು ಜಾಸ್ತಿ ಗಾಳಿ ಕಚ್ಚುತ್ತದೆ. ಸುತ್ತಿಕೊಂಡು ಬರುವ ಗಾಳಿ ಬಾಲದ ಎಡಮಗ್ಗುಲಿಗೆ ಬಡಿಯುತ್ತದೆ. ಎರಡೂ ಸೇರಿ ಮೂಗನ್ನು ಎಡಕ್ಕೆ ಎಳೆಯುತ್ತವೆ. ಅದಕ್ಕೆ ಬಲಗಾಲಿನಿಂದ ರಡ್ಡರ್ ಪೆಡಲ್ (ಬಾಲದ ಫಲಕ ತಿರುಗಿಸಿ ಮೂಗನ್ನು ಎಡಬಲಕ್ಕೆ ತಿರುಗಿಸುವಂಥದ್ದು) ಒತ್ತಬೇಕು. ಮೊದಲ ವಾರವೇ ಕಲಿತದ್ದು ಇದು. ಬಾಲ್ ಯಾವ ಕಡೆ ಇದೆಯೋ ಆ ಕಾಲು ಒತ್ತು, ಅಷ್ಟೇ ಪಾಠ. ಆದರೆ 172 ಬಹಳ ಒಳ್ಳೆಯ ಸ್ವಭಾವದ್ದು. ನಾವು ಮರೆತರೂ ಸುಮ್ಮನಿರುತ್ತದೆ. ಹಾಗಾಗಿ ನನ್ನ ಕಾಲು ನಿದ್ದೆ ಹೋಗಿತ್ತು.

ಅವರು ಒಂದು ಅಭ್ಯಾಸ ಕೊಟ್ಟರು. ದೂರದಲ್ಲಿ ಒಂದು ಮೋಡದ ತುದಿ ಹಿಡಿದುಕೊಳ್ಳಿ. ವಿಮಾನವನ್ನು ಎಡಕ್ಕೆ 30 ಡಿಗ್ರಿ ವಾಲಿಸಿ, ತಕ್ಷಣ ಬಲಕ್ಕೆ 30 ಡಿಗ್ರಿ. ಮೂಗು ಮಾತ್ರ ಆ ತುದಿ ಬಿಟ್ಟು ಅಲ್ಲಾಡಬಾರದು. ಕೇಳೋಕೆ ಸುಲಭ, ಅಲ್ವಾ? ನನ್ನ ಮೊದಲ ಪ್ರಯತ್ನದಲ್ಲಿ ಮೂಗು ಹೋದ ದಾರಿ ನೋಡಿದರೆ ಯಾರೋ ಕುಡಿದು ನಡೆದ ಹಾಗಿತ್ತು. ಎಡಕ್ಕೆ ವಾಲಿಸಿದರೆ ಮೂಗು ಮೊದಲು ಬಲಕ್ಕೆ ಓಡುತ್ತದೆ. ಏರುವ ರೆಕ್ಕೆಯ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲ್ಲಾಡುವ ಪಟ್ಟಿ) ಕೆಳಗಿಳಿದು ಆ ಕಡೆ ಎಳೆತ ಜಾಸ್ತಿಯಾಗುವುದೇ ಕಾರಣ. ಕೈ ಜೊತೆಗೆ ಅದೇ ಕ್ಷಣ ಕಾಲೂ ಹೋದರೆ ಮಾತ್ರ ಮೂಗು ನಿಲ್ಲುತ್ತದೆ. ಇಪ್ಪತ್ತು ನಿಮಿಷ ಇದೊಂದನ್ನೇ ಮಾಡಿದೆ. ಕೊನೆಯ ನಾಲ್ಕೈದು ಸಲ ಮೂಗು ಮೊಳೆ ಹೊಡೆದ ಹಾಗೆ ನಿಂತಿತು. ಕೆಳಗಿಳಿದಾಗ ಬೆನ್ನು ಬೆವರಿತ್ತು. ಹಾರಾಟದ ಬಗ್ಗೆ ಎಷ್ಟೋ ದಿನದ ಮೇಲೆ ಅವತ್ತು ರಾತ್ರಿ ಯೋಚನೆ ಮಾಡಿದೆ.

ಇದು ಬರೀ ಅಂದಚೆಂದದ ವಿಷಯ ಅಂದುಕೊಳ್ಳಬೇಡಿ. ಇಳಿಯಲು ಬರುವಾಗ ಬೇಸ್‌ನಿಂದ (ರನ್‌ವೇಗೆ ಅಡ್ಡವಾಗಿ ಹಾರುವ ಹಂತ) ಫೈನಲ್‌ಗೆ (ರನ್‌ವೇ ನೇರಕ್ಕೆ ಬರುವ ಹಂತ) ತಿರುಗುವಾಗ ರನ್‌ವೇ ಗೆರೆ ದಾಟಿ ಹೋದಿರಿ ಅನ್ನಿ. ವಾಲಿಸೋಕೆ ಭಯ, ಹಾಗಾಗಿ ಒಳಗಿನ ಕಾಲಿನಿಂದ ಮೂಗನ್ನು ತಳ್ಳುತ್ತೀರಿ, ಜೊತೆಗೆ ಮೂಗು ಕೆಳಗಾಗದಂತೆ ಕಂಟ್ರೋಲನ್ನು ಹಿಂದಕ್ಕೆ ಎಳೆಯುತ್ತೀರಿ. ಆಗ ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ, ಅಂದರೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ, ವಿಮಾನ ಅದೇ ಕಡೆಗೆ ಮಗುಚುತ್ತದೆ. ಅಷ್ಟು ಕೆಳಗೆ ಸರಿಪಡಿಸಿಕೊಳ್ಳಲು ಎತ್ತರ ಇರುವುದಿಲ್ಲ. ನನ್ನ ನಿದ್ದೆಯ ಕಾಲು ಎಷ್ಟು ಅಪಾಯದ್ದು ಅಂತ ಆಗ ಅರ್ಥವಾಯಿತು.

"ಕಾಲು ಎಚ್ಚರ ಆಗಬೇಕು ಅಂದರೆ ಬಾಲದಲ್ಲಿ ಚಕ್ರ ಇರುವ ವಿಮಾನ ಕಲಿಯಿರಿ" ಅಂದರು ಅವರು. ಹಾಗೆ ಪೈಪರ್ ಜೆ-3 ಕಬ್ ಹತ್ತಿದೆ.

1938ರಿಂದ 1947ರವರೆಗೆ ತಯಾರಾದ ವಿಮಾನ ಇದು. 65 ಅಶ್ವಶಕ್ತಿ. ಫ್ಲ್ಯಾಪ್ ಇಲ್ಲ, ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಬೇಕು (ಇದನ್ನು ಕಲಿಸಿಕೊಡದೆ ಯಾರೂ ಮುಟ್ಟಬಾರದು). ಪೆಟ್ರೋಲ್ ಎಷ್ಟಿದೆ ಅಂತ ತೋರಿಸೋಕೆ ಟ್ಯಾಂಕ್ ಮುಚ್ಚಳದಿಂದ ಒಂದು ತಂತಿ ಮೇಲೆದ್ದಿರುತ್ತದೆ. ಅದರ ತುದಿಗೆ ಒಳಗೆ ತೇಲುವ ಬೆಂಡು. ತಂತಿ ಕೆಳಗಿಳಿಯುತ್ತಾ ಬಂದರೆ ನಾವೂ ಇಳಿಯಬೇಕು. ಒಬ್ಬನೇ ಹಾರುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು. ನಾನು ಹಾರಿಸಿದ ಕಬ್‌ನಲ್ಲಿ ಬಾಲ್ ಕೂಡ ಇರಲಿಲ್ಲ. ಬಲಗಡೆಯ ಬಾಗಿಲು ತೆರೆದೇ ಹಾರುತ್ತಿದ್ದೆವು. ಮೂಗು ಎಡಕ್ಕೆ ಜಾರಿದರೆ ಬಲಗೆನ್ನೆಗೆ ಗಾಳಿ ರಪ್ಪಂತ ಹೊಡೆಯುತ್ತದೆ. ಬಾಲ್‌ಗಿಂತ ಒಳ್ಳೆಯ ಮೀಟರ್!

ನೆಲದ ಮೇಲೆ ಅದು ಬೇರೆಯೇ ಪ್ರಾಣಿ. ಮುಖ್ಯ ಚಕ್ರಗಳಿಗಿಂತ ಹಿಂದೆ ಭಾರ ಇರುತ್ತದೆ. ಸ್ವಲ್ಪ ಅಡ್ಡ ಆಯಿತು ಅಂದರೆ ಹಿಂದಿನ ಭಾರ ಮುಂದಕ್ಕೆ ಬರೋಕೆ ನೋಡುತ್ತದೆ. ಬಿಟ್ಟರೆ ಗಿರ್ರನೆ ಸುತ್ತಿ ನಿಲ್ಲುತ್ತದೆ. ಗ್ರೌಂಡ್ ಲೂಪ್ ಅನ್ನುತ್ತಾರೆ. ಟೇಕಾಫ್ ಓಟದಲ್ಲಿ ಬಾಲ ಎತ್ತಿದ ಕ್ಷಣವೂ ಮೂಗು ಎಡಕ್ಕೆ ಹಾರುತ್ತದೆ, ತಿರುಗುತ್ತಿರುವ ಪ್ರೊಪೆಲ್ಲರ್ ಬುಗುರಿಯ ಹಾಗೆ ವರ್ತಿಸುವುದರಿಂದ.

ನನಗೆ ಬುದ್ಧಿ ಬಂದದ್ದು ಆರನೇ ಗಂಟೆಯಲ್ಲಿ. ಮೂರೂ ಚಕ್ರ ಒಟ್ಟಿಗೆ ಹುಲ್ಲಿಗೆ ತಾಗಿದವು, ಹತ್ತಿಯ ಮೇಲೆ ಕೂತ ಹಾಗೆ. 'ಆಹಾ' ಅಂದುಕೊಂಡು ಉಸಿರು ಬಿಟ್ಟೆ. ಉಸಿರಿನ ಜೊತೆ ಕಾಲನ್ನೂ ಸಡಿಲ ಬಿಟ್ಟೆ. ಒಂದು ಸೆಕೆಂಡ್, ಅಷ್ಟೇ. ಅಂಚಿನ ಬಿಳಿ ಗುರುತು ಎಡಗಡೆಯಿಂದ ನನ್ನ ಕಡೆ ಬರತೊಡಗಿತು. ನಾನು ಬಲಗಾಲು ಪೂರ್ತಿ ಒತ್ತಿದೆ, ತಡವಾಗಿ. ಅದು ಬಲಕ್ಕೆ ನುಗ್ಗಿತು. ಮತ್ತೆ ಎಡಗಾಲು. ಮುಂದಿನ ಸೀಟಿನಿಂದ ಅವರ ಕಾಲು ಪೆಡಲ್ ಮೇಲೆ ಬಂದದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಎರಡು ಮೂರು ಸಣ್ಣ ಒತ್ತು, ಟಕ್ ಟಕ್ ಟಕ್. ವಿಮಾನ ನೇರವಾಯಿತು. ಅವರು ಹಿಂದೆ ತಿರುಗಲೂ ಇಲ್ಲ. "ಗೂಟಕ್ಕೆ ಕಟ್ಟೋ ತನಕ ಹಾರಾಟ ಮುಗಿದಿಲ್ಲ" ಅಂದರು.

ಒತ್ತಿ ಹಿಡಿಯಬಾರದು. ಒತ್ತಿ ಬಿಡಬೇಕು, ಮತ್ತೆ ಒತ್ತಿ ಬಿಡಬೇಕು. ಮೂಗು ಹೋದ ಮೇಲಲ್ಲ, ಹೋಗೋಕೆ ಮೊದಲೇ. ಈ ಒಂದು ವಾಕ್ಯ ಕಾಲಿಗೆ ಇಳಿಯಲು ಇನ್ನೂ ಐದು ಗಂಟೆ ಬೇಕಾಯಿತು. ಒಟ್ಟು ಹನ್ನೊಂದು. ನನಗಿಂತ ಬೇಗ ಕಲಿಯುವವರು ಬೇಕಾದಷ್ಟು ಇದ್ದಾರೆ.

ಈಗ 172 ಹಾರಿಸುವಾಗಲೂ ಟೇಕಾಫ್‌ನಿಂದಲೇ ಕಾಲು ತಾನಾಗಿ ಪೆಡಲ್ ಹುಡುಕುತ್ತದೆ. ಆಟೋಪೈಲಟ್ ತೆಗೆದು ಬಿಸಾಕಿಲ್ಲ, ಸುಸ್ತಾದಾಗ ಬೇಕು. ಆದರೆ ಹೊರಡುವ ಮೊದಲು ಒಂದು ಕೆಲಸ ಗೊತ್ತು ಮಾಡಿಕೊಳ್ಳುತ್ತೇನೆ: ಇವತ್ತು ಎಂಜಿನನ್ನು ಐಡಲ್‌ಗೆ (ಅತಿ ಕಡಿಮೆ ಪವರ್‌ಗೆ) ಇಳಿಸಿಕೊಂಡು ಬಂದು ಆ ಬಿಳಿ ಪಟ್ಟಿಯ ಮೇಲೇ ಇಳಿಯಬೇಕು, ಇವತ್ತು ಟ್ಯಾಬ್ಲೆಟ್ ಮುಚ್ಚಿಟ್ಟು ನಕ್ಷೆ ಮತ್ತು ಗಡಿಯಾರ ಮಾತ್ರ, ಹೀಗೆ. ಪ್ರಯಾಣಿಕರನ್ನು ಕರೆದೊಯ್ಯೋಕೆ ಹಲವು ದೇಶಗಳಲ್ಲಿ 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಸಾಕು. ಕಾನೂನಿಗೆ ಸಾಕು. ನನ್ನ ಕಾಲಿಗೆ ಸಾಲದು, ಎರಡು ವಾರ ಬಿಟ್ಟರೂ ಮಂದವಾಗುತ್ತದೆ.

ಕಳೆದ ಶನಿವಾರ ಕಬ್ ತೆಗೆದುಕೊಂಡು ಹೋಗಿದ್ದೆ. ಎಡದಿಂದ 8 ನಾಟ್ ಅಡ್ಡಗಾಳಿ. ಎಡ ರೆಕ್ಕೆ ತಗ್ಗಿಸಿ, ಬಲಗಾಲು ಒತ್ತಿ, ಎಡಚಕ್ರ ಮೊದಲು ತಾಗಿಸಬೇಕು. ಮೊದಲನೆಯದು ಚೆನ್ನಾಗಿಯೇ ಇತ್ತು. ಎರಡನೆಯದು ಪುಟಿಯಿತು, ಪವರ್ ಕೊಟ್ಟು ಮೇಲೆ ಹೋದೆ. ಮೂರನೆಯದರಲ್ಲಿ ಬಾಲ ಎತ್ತಿ ಹಿಡಿದು ಮುಂದಿನ ಚಕ್ರಗಳ ಮೇಲೆ ಇಳಿಸಲು ಹೋದೆ, ಅದು ನನಗೆ ಇನ್ನೂ ಬಂದಿಲ್ಲ. ಷರಾ ಬರೆಯೋಕೆ ಜಾಗ ಸಾಲದೆ ಮುಂದಿನ ಸಾಲಿಗೂ ಹೋಯಿತು.